ಆಕಾಶದಲ್ಲಿ ಒಂದು ತಾಸು

ಭೂಮಿಯ ಮೇಲಿನ ಯಾವುದೇ ಎರಡು ವಿಮಾನ ನಿಲ್ದಾಣಗಳ ಹೆಸರು ಹೇಳಿ. ಅವುಗಳ ನಡುವಿನ ದೂರವೆಷ್ಟು, ಹಾರಲು ಎಷ್ಟು ಹೊತ್ತು ಬೇಕು ಎಂಬುದನ್ನು ನಾನು ಕುಳಿತಲ್ಲೇ ಲೆಕ್ಕ ಹಾಕಿ ಹೇಳಬಲ್ಲೆ. ಈ ವಿದ್ಯೆಯಿಂದ ಇದುವರೆಗೆ ಯಾರಿಗೂ ಎಳ್ಳಷ್ಟೂ ಉಪಯೋಗವಾಗಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂಜೆ ಹೊತ್ತು ಕೆಲವರು ವಾಯುವಿಹಾರಕ್ಕೆ ಹೋಗುತ್ತಾರೆ, ಕೆಲವರು ಪಕ್ಕದ ಮನೆಯವರ ವಿಚಾರಕ್ಕೆ ಹೋಗುತ್ತಾರೆ. ರಾಯಚೂರಿನ ಬೇಸಿಗೆಯಲ್ಲಿ ಎರಡನೆಯದೇ ಆರೋಗ್ಯಕ್ಕೆ ಹಿತ. ನಾನು ಮಾತ್ರ ಫ್ಯಾನಿನ ಕೆಳಗೆ ಕಾಲು ಚಾಚಿ, ನೈರೋಬಿಯಿಂದ ಓಸ್ಲೋಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕುತ್ತಿರುತ್ತೇನೆ. "ಮದ್ಲ ಬಜಾರಕ್ಕ ಹೋಗಿ ಕೊತ್ತಂಬ್ರಿ ತಗೊಂಡ್ ಬರ್ರಿ, ಆಮ್ಯಾಲ ಓಸ್ಲೋಕ್ಕ ಹೋಗ್ರಂತ" ಎಂದು ನನ್ನ ಹೆಂಡತಿ ಗಿರಿಜಾ ಒಳಗಿನಿಂದ ಹೇಳುತ್ತಾಳೆ. ಕಾಲೇಜಿನಲ್ಲಿ ಗಣಿತ ಕಲಿಸುವ ಗಂಡ ಮನೆಯಲ್ಲಿ ಎಷ್ಟರಮಟ್ಟಿಗೆ ಬೇಕಾದವನು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಮೊಬೈಲಿನ ಈ ಲೆಕ್ಕದ ಪುಟದಲ್ಲಿ 'ರಾಯಚೂರು' ಎಂದು ಒತ್ತಿದರೆ ಅದು ವಿನಯದಿಂದ 'ರಾಯಪುರ ಎನ್ನಬೇಕೆಂದಿದ್ದಿರಾ?' ಎಂದು ಕೇಳುತ್ತದೆ. ಪಾಪ, ಅದರ ತಪ್ಪಲ್ಲ. ನಮ್ಮೂರಿಗೂ ವಿಮಾನ ಬರುತ್ತದೆ ಎಂಬ ಮಾತನ್ನು ನಾನು ಮೀಸೆ ಮೂಡುವ ಮೊದಲಿನಿಂದ ಕೇಳುತ್ತಿದ್ದೇನೆ. ಈಗ ಮೀಸೆ ಬೆಳ್ಳಗಾಗಿದೆ. ಆ ನಿಲ್ದಾಣಕ್ಕೆ ಇರುವ ದೂರವನ್ನು ನಾನು ಹೇಳಬಲ್ಲೆ, ಸಮಯವನ್ನು ಹೇಳಲಾರೆ.

ಹಾಗೆ ನೋಡಿದರೆ ನಮ್ಮ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವ ರೂಢಿ ರಸ್ತೆ ಬದಿಯ ಕಲ್ಲುಗಳಿಗೆ ಮಾತ್ರ ಇದೆ. ಹಿಂದಿನವರಲ್ಲಿ ಕೂಗಳತೆ, ಹರಿದಾರಿ, ಗಾವುದ ಎಂಬ ಅಳತೆಗಳಿದ್ದವು. ಕೂಗಳತೆ ಎಂದರೆ ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಇನ್ನೊಬ್ಬನಿಗೆ ಕೇಳಿಸಿಕೊಳ್ಳುವ ಮನಸ್ಸಿರಬೇಕು ಎಂಬ ಷರತ್ತು ಅದರಲ್ಲೇ ಅಡಗಿದೆ. ಈಗಿನ ಅಳತೆಗಳು ಬೇರೆ. ನಮ್ಮ ಜಿಲ್ಲೆಯ ಅರಕೇರಾದ ದಾರಿಯಲ್ಲಿ ಯಾರನ್ನಾದರೂ ಊರೆಷ್ಟು ದೂರ ಎಂದು ಕೇಳಿ. "ಇಲ್ಲೇ ಅದ ಬರ್ರಿ" ಎಂದರೆ ಕುಡಿಯುವ ನೀರು ಜೊತೆಗಿರಲಿ ಎಂದರ್ಥ. "ಜರಾ ಮುಂದ ಹೋಗ್ರಿ" ಎಂದರೆ ಬುತ್ತಿ ಕಟ್ಟಿಕೊಂಡು ಬರಬೇಕಿತ್ತು ಎಂದರ್ಥ.

ಇಂಥ ಸೀಮೆಯಲ್ಲಿ ಹುಟ್ಟಿದ ನನ್ನ ವಿದ್ಯೆಗೆ ಜೀವಮಾನದಲ್ಲಿ ಒಮ್ಮೆ ಬೇಡಿಕೆ ಬಂತು. ಅದೂ ಎರಡು ಕಡೆಯಿಂದ, ಒಂದೇ ಬೆಳಿಗ್ಗೆ.

ನನ್ನ ಮಾವ ಶರಣಪ್ಪನವರಿಗೆ ಮಾನ್ವಿಯಲ್ಲಿ ಅಕ್ಕಿ ಗಿರಣಿ ಇದೆ. ಅವರ ತಮ್ಮ, ನಾವು ಸಣ್ಣ ಮಾವ ಎಂದು ಕರೆಯುವ ವಿರೂಪಾಕ್ಷಪ್ಪನವರು ಸರ್ವೇಯರಾಗಿದ್ದು ನಿವೃತ್ತರಾಗಿ ದೇವದುರ್ಗದಲ್ಲಿ ಇದ್ದಾರೆ. ಜನ್ಮವಿಡೀ ಊರವರ ಹೊಲ ಅಳೆದು ಜಗಳ ಹಚ್ಚಿದ, ಕ್ಷಮಿಸಿ, ಜಗಳ ಬಗೆಹರಿಸಿದ ಸಣ್ಣ ಮಾವ, ಅರಕೇರಾದಲ್ಲಿದ್ದ ಸ್ವಂತ ಹೊಲ ಪಾಲಾಗುವಾಗ ತಾವೇ ಸರಪಳಿ ಹಿಡಿದರು. ಅಳತೆ ಮುಗಿದು ನೋಡಿದರೆ ಬದುವಿನ ಮೇಲಿದ್ದ ಬೇವಿನ ಮರ ಅವರ ಪಾಲಿಗೆ ಬಂದಿತ್ತು. "ಸರಪಳಿ ಎಳದ್ ಹಿಡದಾನ" ಎಂದರು ಮಾವ. "ಗಿಡ ಇದ್ದಲ್ಲೇ ಅದ. ನಾ ಏನ್ ಅದನ್ನ ಕರದಿಲ್ಲ" ಎಂದರು ಸಣ್ಣ ಮಾವ. ಅದೇ ಕೊನೆಯ ಮಾತು. ಹತ್ತು ವರ್ಷದ ಮೇಲಾಯಿತು, ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಲ್ಲ. ಬೇವಿನ ಮರಕ್ಕೆ ಈ ವಿಷಯ ಗೊತ್ತಾಗದೆ ಅದು ಎರಡೂ ಕಡೆಗೆ ನೆರಳು ಕೊಡುತ್ತಿದೆ.

ಇವರಿಬ್ಬರಿಗೂ ದೊಡ್ಡವಳು ಅಕ್ಕ ಗೌರಮ್ಮ. ತಾಯಿ ಬೇಗ ತೀರಿಕೊಂಡಾಗ ತಮ್ಮಂದಿರಿಬ್ಬರನ್ನೂ ಬೆಳೆಸಿದವಳು. ಆಮೇಲೆ ನರ್ಸ್ ಕೆಲಸಕ್ಕೆ ಸೇರಿ, ಹೆಡ್ ನರ್ಸ್ ಆಗಿ ನಿವೃತ್ತಳಾಗಿ, ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಳು. ಹೃದಯದ ಕವಾಟ ಕೆಟ್ಟು ಆಪರೇಶನ್ ಆಗಬೇಕಿತ್ತು. ಮುಂದಿನ ವಾರ ಎಂದಿದ್ದ ಡಾಕ್ಟರು ಒಮ್ಮೆಲೇ ನಾಳೆ ನಸುಕಿನಲ್ಲೇ ಎಂದರಂತೆ. ಗಿರಿಜಾಳ ಸೋದರತ್ತೆಯಾದ ಅವಳನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಅತ್ತೆ ತಾನೇ ಗಿರಿಜಾಗೆ ಫೋನು ಮಾಡಿದಳು. ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಇವತ್ತ ಸಂಜೀಕ ಇಬ್ರನ್ನೂ ಒಮ್ಮಿ ನೋಡಬೇಕವ್ವಾ. ಕೂಡೇ ಬರಬೇಕು. ಒಬ್ಬನ ಬಂದ್ರ ಇನ್ನೊಬ್ಬ ಎಲ್ಲಿ ಅಂತ ಕೇಳಬೇಕಾಗ್ತದ. ಕೇಳಾಕ ನನ್ನಲ್ಲಿ ಉಸಿರಿಲ್ಲ."

ಗಿರಿಜಾ ಫೋನಿಟ್ಟು ರೈಲಿನ ವೇಳೆ ನೋಡಿದಳು. ರಾತ್ರಿ ರೈಲು ಹತ್ತಿದರೆ ಅವರು ಬೆಂಗಳೂರು ಮುಟ್ಟುವ ಹೊತ್ತಿಗೆ ಅತ್ತೆಯನ್ನು ಒಳಗೆ ಕರೆದೊಯ್ದಿರುತ್ತಾರೆ. ಉಳಿದದ್ದು ಹೈದರಾಬಾದಿಗೆ ಹೋಗಿ ವಿಮಾನ ಹಿಡಿಯುವುದು. ದಕ್ಷಿಣದ ಊರಿಗೆ ಹೋಗಲು ಮೊದಲು ಉತ್ತರಕ್ಕೆ ಓಡುವುದು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವವರು ಕಾಲ್ನಡಿಗೆಯಲ್ಲಿ ಬರುತ್ತಿದ್ದರು, ನಮ್ಮದು ರೆಕ್ಕೆ ಕಟ್ಟಿಕೊಂಡು, ಅಷ್ಟೇ ವ್ಯತ್ಯಾಸ.

ನಾನು ದೂರ ಲೆಕ್ಕ ಹಾಕುವಷ್ಟರಲ್ಲಿ ಅವಳು ಮೂರು ಟಿಕೇಟು ತೆಗೆದಾಗಿತ್ತು. ಕಿಟಕಿಗೆ ಅವಳಪ್ಪ, ಮಗ್ಗುಲಿಗೆ ಅವಳ ಕಾಕಾ, ಈಚೆಗೆ ನಾನು. "ಇಬ್ರಿಗೂ ಬ್ಯಾರೆ ಬ್ಯಾರೆ ಫೋನ್ ಮಾಡ್ತೀನಿ. ಒಬ್ರ ವಿಷಯ ಇನ್ನೊಬ್ರಿಗಿ ಹೇಳಬ್ಯಾಡ್ರಿ. ನೀವ್ ಲೆಕ್ಕ ಅಷ್ಟ ಹೇಳ್ರಿ, ಮಾತಾಡಬ್ಯಾಡ್ರಿ" ಎಂದಳು. ನನ್ನ ವಿದ್ಯೆಗೆ ಮನೆಯಲ್ಲಿ ಸಿಕ್ಕ ಮೊದಲ ಗೌರವ ಇದು.

ಮೊದಲು ಮಾವನ ಫೋನು ಬಂತು. "ಮಾಸ್ತರ್ರ, ಹೈದರಾಬಾದಿನಿಂದ ಬೆಂಗಳೂರಿಗಿ ವಿಮಾನದಾಗ ಎಷ್ಟ್ ದೂರ?"

ನಾಲ್ಕುನೂರ ಐವತ್ತು ಕಿಲೋಮೀಟರಿನ ಆಸುಪಾಸು ಎಂದೆ. ವಿಮಾನದ ವೇಗ ಕೇಳಿದರು. ತಾಸಿಗೆ ಎಂಟುನೂರು ಎಂದೆ. ಗಿರಣಿಯವರು ತಲೆಯಲ್ಲೇ ಭಾಗಿಸಿದರು.

"ಅಂದ್ರ ಅರ್ಧ ತಾಸಿನ ಮಾತು. ಟಿಕೇಟಿನ್ಯಾಗ ಒಂದೂಕಾಲು ತಾಸು ಅಂತದ. ಉಳಿದದ್ದ್ ಎಲ್ಲಿ ಹೋತು?"

ವಿಮಾನ ನೆಲದ ಮೇಲೆ ಓಡಬೇಕು, ಏರಬೇಕು, ಇಳಿಯಬೇಕು, ಇಳಿದ ಮೇಲೂ ಓಡಬೇಕು, ಆ ಹೊತ್ತನ್ನೂ ಸೇರಿಸುತ್ತಾರೆ ಎಂದು ವಿವರಿಸಿದೆ.

"ನೆಲದ ಮ್ಯಾಲ ಓಡಾಡಿದ್ದೂ ಹಾರಿದ ಲೆಕ್ಕಕ್ಕೇ? ಹಸಿ ಭತ್ತ ತೂಗಿ ಒಣಾ ಅಕ್ಕಿ ಕೊಟ್ಟಂಗಾತು" ಎಂದು ಫೋನಿಟ್ಟರು. ಆ ವ್ಯಾಪಾರದ ಒಳಗುಟ್ಟು ಅವರಿಗೆ ಚೆನ್ನಾಗಿ ಗೊತ್ತು.

ಹಿಂದೆಯೇ ಸಣ್ಣ ಮಾವನ ಫೋನು. ಅದೇ ಪ್ರಶ್ನೆ, ಅದೇ ಉತ್ತರ. ಆದರೆ ಅವರು ಅಳತೆಯವರು, ಅಷ್ಟಕ್ಕೆ ಬಿಡಲಿಲ್ಲ. "ಈ ದೂರ ನೆಲದ ಮ್ಯಾಲಿಂದೋ, ಮ್ಯಾಲ ಹಾರಿದ್ದೋ? ಮ್ಯಾಲ ಹೋದಂಗ ದೂರ ಹೆಚ್ಚಾಗಬೇಕಲ್ಲ?" ಎಂದರು. ಭೂಮಿ ದುಂಡಗಿರುವುದರಿಂದ ಅದರ ಮೇಲೆ ನೇರ ದಾರಿ ಎಂಬುದೂ ಬಾಗಿದ ದಾರಿಯೇ, ಸಿಹಿಗುಂಬಳದ ಮೇಲೆ ದಾರ ಎಳೆದ ಹಾಗೆ ಎಂದು ನಾನು ಉತ್ಸಾಹದಿಂದ ಪಾಠ ಶುರುಮಾಡಿದೆ. "ಹಂಗಾರ ದಾರ ಜಗ್ಗಿ ಹಿಡದ್ರ ಕಮ್ಮಿ ಬೀಳ್ತದ" ಎಂದರು ಸಣ್ಣ ಮಾವ. ಹೇಳಿದ ಮೇಲೆ ಅವರಿಗೇ ಏನೋ ಅನ್ನಿಸಿರಬೇಕು. ಕೆಮ್ಮಿ ಫೋನಿಟ್ಟರು.

ಮಾವ ಗಿರಣಿಯ ಕಾರಿನಲ್ಲಿ ಡ್ರೈವರನ ಜೊತೆ ಬಂದು ರಾಯಚೂರಿನಲ್ಲಿ ನನ್ನನ್ನು ಹತ್ತಿಸಿಕೊಂಡರು. ಲೆಕ್ಕದ ಪ್ರಕಾರ ನಾವು ಧಾರಾಳ ಸಮಯ ಇಟ್ಟುಕೊಂಡು ಹೊರಟಿದ್ದೆವು. ಆದರೆ ಆ ಲೆಕ್ಕದ ಪುಟ ಬರೆದವರಿಗೆ ದೇವಸುಗೂರು ಗೊತ್ತಿರಲಿಲ್ಲ. ಕೃಷ್ಣೆಯ ದಂಡೆಗೆ ಬರುತ್ತಲೇ ಮಾವ "ಸೂಗುರೇಶ್ವರಗ ಕೈ ಮುಗಿಲಾರ್ದ ಹೊಳಿ ದಾಟಬಾರದು" ಎಂದರು. ನಾನು ಗಡಿಯಾರ ನೋಡಿದೆ. ಅವರು ನನ್ನನ್ನು ನೋಡಿದರು. ಅಳಿಯನಾದವನು ಇಂಥಲ್ಲಿ ಗಡಿಯಾರ ನೋಡಬಾರದು. ಅವರು ಗುಡಿಯೊಳಗೆ ಕಣ್ಣು ಮುಚ್ಚಿ ನಿಂತದ್ದು ಬಹಳ ಹೊತ್ತಾಯಿತು. ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನು ಹೊಳೆಯ ಕಡೆ ನೋಡುತ್ತ ನಿಂತೆ. ಅಲ್ಲಿ ನೀರಿಗಿಂತ ಬಂಡೆಗಲ್ಲೇ ಹೆಚ್ಚಿತ್ತು.

ಮಕ್ತಲ್‌ನಲ್ಲಿ ಚಹಾ, ಮುಂದೆ ಎಲ್ಲೋ ರಸ್ತೆ ರಿಪೇರಿ, ಅದರಾಚೆ ಕುರಿ ಹಿಂಡು. ಒಂದೊಂದು ಕುರಿಯೂ ನಮ್ಮ ಕಾರನ್ನು ತಿರುಗಿ ನೋಡಿ, ಇವರಿಗೇನು ಅವಸರ ಎಂದು ವಿಚಾರ ಮಾಡಿ, ಆಮೇಲೆ ದಾಟಿತು. ಪುರಾಣಗಳ ವಿಮಾನಗಳಲ್ಲಿ ಕುಳಿತವರು ಎಷ್ಟು ಸುಖಿಗಳು! ಮನೆಯಂಗಳದಲ್ಲೇ ಹತ್ತುತ್ತಿದ್ದರು, ಬೇಕಾದಲ್ಲಿ ಇಳಿಯುತ್ತಿದ್ದರು. ವಿಮಾನದವರೆಗೆ ಹೋಗುವುದೇ ದೊಡ್ಡ ಪ್ರಯಾಣ ಎಂಬುದು ನಮ್ಮ ಕಾಲದ ಶೋಧ.

ಅಂತೂ ನಿಲ್ದಾಣ ಮುಟ್ಟಿ, ಒಳಗೆ ಹೊಕ್ಕು, ಬ್ಯಾಗುಗಳನ್ನು ಯಂತ್ರದಲ್ಲಿ ಹಾಯಿಸುವ ಸಾಲಿಗೆ ಬಂದೆವು. ನಮ್ಮ ಮುಂದೆ ಬಿಳಿ ಅಂಗಿ, ಹೆಗಲಿಗೆ ಟವೆಲ್ಲು ಹಾಕಿದ ಒಬ್ಬರು ನಿಂತಿದ್ದರು. ಬಸ್ಸಿನಲ್ಲಿ ಬಂದು, ಹೆದ್ದಾರಿಯಲ್ಲಿ ಇಳಿದು, ಆಟೋ ಹಿಡಿದು, ನಮಗಿಂತ ಮೊದಲೇ ತಲುಪಿದ್ದ ಸಣ್ಣ ಮಾವ. ಅವರು ತಿರುಗಿದರು. ಮಾವ ನೋಡಿದರು. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ನಾನು ಚಾವಣಿಯನ್ನು ನೋಡಿದೆ. ಬಹಳ ಎತ್ತರದ ಚಾವಣಿ.

ಅಷ್ಟರಲ್ಲಿ ಸಣ್ಣ ಮಾವನ ಬ್ಯಾಗನ್ನು ಪಕ್ಕಕ್ಕೆ ತೆಗೆದರು. ಯಂತ್ರಕ್ಕೆ ಅದರೊಳಗೆ ದುಂಡನೆಯ ತಟ್ಟೆಗಳ ಥಪ್ಪಿ ಕಂಡಿತ್ತು. ಬಿಚ್ಚಿದರೆ ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಮಾವನ ಬ್ಯಾಗೂ ಪಕ್ಕಕ್ಕೆ ಹೋಯಿತು. ಅದರಲ್ಲೂ ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಅಕ್ಕನಿಗೆ ಏನು ಇಷ್ಟ ಎಂಬುದರ ಬಗ್ಗೆ ಎರಡು ಮನೆಗಳಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಕಾವಲಿನವನು ಎರಡೂ ಥಪ್ಪಿಗಳನ್ನು ಅಕ್ಕಪಕ್ಕ ಇಟ್ಟು, "ಒಂದೇ ಮನೆಯವರಾ?" ಎಂದು ಹಿಂದಿಯಲ್ಲಿ ಕೇಳಿದ.

"ಅಲ್ರೀ" ಎಂದರು ಇಬ್ಬರೂ ಒಂದೇ ಉಸಿರಿನಲ್ಲಿ.

ವಿಮಾನದೊಳಗೆ ಸೀಟು ನೋಡಿ ಮಾವ ಬಾಗಿಲ ಕಡೆ ಒಮ್ಮೆ ತಿರುಗಿದರು. ಹಿಂದೆ ಜನ ಒತ್ತುತ್ತಿದ್ದರು. ಕಿಟಕಿಗೆ ಮಾವ, ನಡುವೆ ಸಣ್ಣ ಮಾವ, ಈಚೆಗೆ ನಾನು, ತಪ್ಪಿಸಿಕೊಳ್ಳಲು ಅನುಕೂಲವಾಗುವಂತೆ. ಎರಡು ಸೀಟುಗಳ ನಡುವೆ ಕೈ ಇಡಲು ಒಂದೇ ಒಂದು ಪಟ್ಟಿ. ವಿಮಾನ ಮಾಡಿದವರಿಗೆ ನಮ್ಮ ಕಡೆಯ ಬದುವಿನ ತಂಟೆಗಳು ಗೊತ್ತಿದ್ದರೆ ಎರಡು ಇಡುತ್ತಿದ್ದರು. ಮಾವ ಮೊಣಕೈ ಇಟ್ಟರು. ಸಣ್ಣ ಮಾವ ಅದೇ ಪಟ್ಟಿಯ ಹಿಂದಿನ ತುದಿಯಲ್ಲಿ ಮೊಣಕೈ ಇಟ್ಟರು. ಪಟ್ಟಿ ಒಂದೂವರೆ ಗೇಣಿನಷ್ಟಿತ್ತು, ಸಮಪಾಲಾಯಿತು.

ಆಮೇಲೆ ಬೆಲ್ಟು ಕಟ್ಟಿಕೊಳ್ಳುವಂತೆ ಹೇಳಿದರು. ಇಬ್ಬರಿಗೂ ಅದು ಮೊದಲ ವಿಮಾನ. ಒಬ್ಬರನ್ನೊಬ್ಬರು ನೋಡದೆ ಬೆಲ್ಟು ಹುಡುಕಿದರು. ಮಾವನ ಕೈಗೆ ಸಣ್ಣ ಮಾವನ ಬೆಲ್ಟಿನ ಒಂದು ತುದಿ ಸಿಕ್ಕಿತು. ಅದನ್ನು ತಮ್ಮದಕ್ಕೆ ಸಿಕ್ಕಿಸಿ, 'ಟಕ್' ಎಂದದ್ದಕ್ಕೆ ತೃಪ್ತರಾಗಿ ಹಿಂದಕ್ಕೆ ಒರಗಿದರು. ಸಣ್ಣ ಮಾವ ಉಳಿದ ತುದಿಗೆ ಜೋಡಿ ಹುಡುಕಿ ಹುಡುಕಿ, ಕೊನೆಗೆ ಅಣ್ಣನ ಹೊಟ್ಟೆಯ ಕಡೆ ನೋಡಿದರು.

"ಅದು ನಂದು" ಎಂದರು. ಹತ್ತು ವರ್ಷಗಳ ಮೇಲೆ ಆಡಿದ ಮೊದಲ ಮಾತು.

"ಎಲ್ಲಾ ನಿಂದೇನೋ?" ಎಂದರು ಮಾವ. "ನನ್ನ ಮಗ್ಗಲಾಗಿತ್ತು, ತಗೊಂಡೀನಿ."

"ಮಗ್ಗಲಾಗಿದ್ರ ನಿಂದಾಗ್ತದೇನು?"

"ಮತ್ತ ಬೇವಿನ ಗಿಡ ಹೆಂಗ್ ನಿಂದಾತು?"

ಮುಂದಿನ ಸಾಲಿನವರೆಲ್ಲ ತಿರುಗಿದರು. ಗಗನಸಖಿ ಬಂದು ಬಗ್ಗಿ, ಬಿಡಿಸಿ, ಯಾರ ತುದಿ ಯಾರಿಗೆ ಎಂದು ನ್ಯಾಯ ಮಾಡಿ ಹೋದಳು. ಆ ಹುಡುಗಿ ಅಂದು ಅರಕೇರಾಕ್ಕೆ ಬಂದಿದ್ದರೆ ಇಷ್ಟು ವರ್ಷ ಯಾಕೆ ಹಾಳಾಗುತ್ತಿದ್ದವು!

ವಿಮಾನ ಏರಿತು. ನಾನು ಮನಸ್ಸಿನಲ್ಲೇ ಲೆಕ್ಕ ಶುರುಮಾಡಿದೆ. ಹೇಳಿದ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಮೇಲೆ ಬಂದೆವು ಎಂದು ಹೆಮ್ಮೆ ಪಡುವಷ್ಟರಲ್ಲಿ ಪೈಲಟ್ಟು ಏನೋ ಹೇಳಿದ. ಕೆಳಗೆ ಮಳೆ ಮೋಡ, ಇಳಿಯುವ ವಿಮಾನಗಳ ಸಾಲು, ಸ್ವಲ್ಪ ಕಾಯಬೇಕು. ಆಕಾಶದಲ್ಲಿ ಕಾಯುವುದೆಂದರೆ ಬಸ್ಸಿನ ಹಾಗೆ ನಿಲ್ಲುವಂತಿಲ್ಲ, ಸುತ್ತಬೇಕು. ನಮ್ಮ ವಿಮಾನ ಓರೆಯಾಗಿ ಸುತ್ತತೊಡಗಿತು.

ಮಾವನ ಮುಖ ಬಿಳುಚಿತು. ಆಸ್ಪತ್ರೆಯಲ್ಲಿ ನೋಡಲು ಬಿಡುವ ಹೊತ್ತು ಮುಗಿಯುತ್ತ ಬಂದಿದೆ ಎಂಬುದು ಮೂವರಿಗೂ ಗೊತ್ತಿತ್ತು. ಸಣ್ಣ ಮಾವ ಕುತ್ತಿಗೆ ಉದ್ದ ಮಾಡಿ, ಅಣ್ಣನ ಎದೆಯ ಮೇಲಿಂದ ಹಾಯ್ದು ಕಿಟಕಿಯಾಚೆ ನೋಡಿದರು. ಮೋಡದ ಸಂದಿಯಲ್ಲಿ ಒಂದು ಕೆರೆ ಹೊಳೆಯುತ್ತಿತ್ತು.

"ಈ ಕೆರಿ ಆಗ್ಲೇ ಬಂದಿತ್ತು" ಎಂದರು, ಯಾರಿಗೂ ಅಲ್ಲದ ಹಾಗೆ.

"ಮೂರನೇ ಸಲ" ಎಂದರು ಮಾವ, ಕಿಟಕಿಗೆ ಹೇಳುವಂತೆ.

"ಮೂರಲ್ಲಣ್ಣಾ, ನಾಕು. ಒಮ್ಮಿ ನೀ ಕಣ್ ಮುಚ್ಚಿದ್ದಿ."

'ಅಣ್ಣಾ' ಎಂಬುದು ಬಾಯಿತಪ್ಪಿ ಬಂದಿತ್ತು. ವಿಮಾನ ಇನ್ನೊಂದು ಸುತ್ತು ಹೊಡೆಯಿತು. ಕೆರೆ ಮತ್ತೆ ಬಂತು. ಈ ಇಕ್ಕಟ್ಟಿನಿಂದ ಪಾರಾಗಲು ಇಬ್ಬರಿಗೂ ಮೂರನೆಯವನೊಬ್ಬ ಬೇಕಿತ್ತು, ಮತ್ತು ಅವನು ಬೆಲ್ಟು ಕಟ್ಟಿಕೊಂಡು ಪಕ್ಕದಲ್ಲೇ ಇದ್ದ.

"ಮಾಸ್ತರ್ರ" ಎಂದರು ಮಾವ, "ನಿಮ್ಮ ಲೆಕ್ಕದಾಗ ಈ ಸುತ್ತು ಇತ್ತೇನ್ರಿ?"

ಇರಲಿಲ್ಲ ಎಂದೆ.

"ನನಗ ಸಿಹಿಗುಂಬಳಕಾಯಿ ಕಥಿ ಹೇಳಿದ್ರು" ಎಂದರು ಸಣ್ಣ ಮಾವ.

"ನನಗ ಅರ್ಧ ತಾಸು ಅಂದ್ರು."

"ಅಂದದ್ದು ನೀವು" ಎಂದು ನಾನು ತಿದ್ದಲು ಹೋದೆ. ಆದರೆ ಆಗಲೇ ಅಣ್ಣ ತಮ್ಮ ನಗಲು ಶುರುಮಾಡಿದ್ದರು. "ಈಸೀಸು ಓದಿದೋರ ಲೆಕ್ಕನ ಹಿಂಗಿದ್ರ, ಕಾಲೇಜಿನ ಹುಡುಗ್ರ ಗತಿ ಏನೋ ತಮ್ಮಾ!" ಎಂದರು ಮಾವ. ಎರಡು ಮೊಣಕೈಗಳೂ ಆ ಪಟ್ಟಿಯ ಮೇಲೆ ಒಂದಕ್ಕೊಂದು ಒರಗಿದ್ದವು. ಹಿರಿಯರು ಪಂಚಾಯ್ತಿ ಮಾಡಿ ಸೋತದ್ದು, ಸ್ವಾಮಿಗಳು ಬುದ್ಧಿ ಹೇಳಿ ಸೋತದ್ದು ಗಣಿತದಿಂದ ಸಾಧ್ಯವಾಯಿತು. ಯಾವ ಪಠ್ಯಕ್ರಮದಲ್ಲೂ ಇದರ ಉಲ್ಲೇಖವಿಲ್ಲ.

ಇಳಿದ ಮೇಲಿನ ಕಥೆಯನ್ನು ಬೆಂಗಳೂರು ಬಲ್ಲವರಿಗೆ ಹೇಳಬೇಕಿಲ್ಲ. ಒಂದು ಮಹಾನಗರದಿಂದ ಇನ್ನೊಂದಕ್ಕೆ ಹಾರಿದ ಹೊತ್ತಿಗಿಂತ, ನಿಲ್ದಾಣದಿಂದ ಆಸ್ಪತ್ರೆಗೆ ಟ್ಯಾಕ್ಸಿ ತೆವಳಿದ ಹೊತ್ತೇ ಹೆಚ್ಚು. ನಾನು ಡ್ರೈವರನ ಪಕ್ಕ, ಅವರಿಬ್ಬರು ಹಿಂದೆ. ನಗು ಎಲ್ಲೋ ಸೇತುವೆಯ ಮೇಲೆಯೇ ಮುಗಿದಿತ್ತು. ಮುಂದಿನ ಕೆಂಪು ದೀಪಗಳ ಸಾಲು ಅಲುಗಾಡುತ್ತಿರಲಿಲ್ಲ.

"ಅಕ್ಕ ಎಚ್ಚರ ಇರ್ತಾಳಿಲ್ಲೋ" ಎಂದರು ಮಾವ.

"ಇರ್ತಾಳ. ನಾವ್ ಶಾಲಿ ಬಿಟ್ಟು ಬರೂತನಾ ಒಲಿ ಆರಸ್ತಿದ್ದಿಲ್ಲ, ಈಗ ಮಕ್ಕೋತಾಳೇನು?"

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅದು ಸಣ್ಣ ಮಾವನ ಟವೆಲ್ಲು. ಈ ಸಲ 'ಅದು ನಂದು' ಎಂದು ಯಾರೂ ಹೇಳಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಹೊತ್ತು ಮೀರಿದೆ ಎಂದ. ಆದರೆ ಒಳಗಿದ್ದದ್ದು ಜನ್ಮವಿಡೀ ವಾರ್ಡುಗಳನ್ನು ಆಳಿದ ಹೆಣ್ಣು. ಒಬ್ಬ ನರ್ಸ್ ಓಡಿ ಬಂದು, "ಗೌರಮ್ಮನವರ ತಮ್ಮಂದಿರಾ? ಬನ್ನಿ ಬನ್ನಿ, ನಿದ್ದೆ ಗುಳಿಗೆ ತಗೊಳ್ಳೋದಿಲ್ಲ ಅಂತ ಕೂತಿದ್ದಾರೆ" ಎಂದು ಕರೆದೊಯ್ದಳು.

ಅತ್ತೆ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲು ಅಷ್ಟು ಅಗಲವಿರಲಿಲ್ಲ, ಇಬ್ಬರೂ ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡರು. ಅವಳು ಮೊದಲು ದೊಡ್ಡವನನ್ನು, ಆಮೇಲೆ ಸಣ್ಣವನನ್ನು, ಮತ್ತೆ ದೊಡ್ಡವನನ್ನು ನೋಡಿದಳು. ಇನ್ನೊಬ್ಬ ಎಲ್ಲಿ ಎಂದು ಕೇಳುವ ಅಗತ್ಯವಿರಲಿಲ್ಲ. ಎರಡೂ ಕೈ ಚಾಚಿದಳು.

"ಭಾಳ ತ್ರಾಸಾತೇನೋ ಬರಾಕ? ಎಷ್ಟೊತ್ತು ಹಿಡೀತು?"

ಬೆಳಗಿನಿಂದ ರಸ್ತೆ, ಗುಡಿ, ಕುರಿ, ಸಾಲು, ಸುತ್ತು, ಕೆಂಪು ದೀಪ ಎಲ್ಲ ಅನುಭವಿಸಿ ಅಂಗಿ ಬೆವರಿನಲ್ಲಿ ಅಂಟಿಕೊಂಡಿದ್ದ ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ತ್ರಾಸೇನಿಲ್ಲಕ್ಕಾ. ಒಂದ ತಾಸು. ಕುಂತ್ವಿ, ಇಳದ್ವಿ."

"ಹೂಂ, ಒಂದ ತಾಸು" ಎಂದು ಸಣ್ಣ ಮಾವ ಸರ್ವೇಯರನ ಗಾಂಭೀರ್ಯದಿಂದ ದೃಢೀಕರಿಸಿದರು. ದಾರ ಇಷ್ಟು ಜಗ್ಗಿ ಹಿಡಿದದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ.

ಮರುದಿನ ನಸುಕಿನಲ್ಲಿ ಅತ್ತೆಯನ್ನು ಒಳಗೆ ಕರೆದೊಯ್ದರು. ಡಾಕ್ಟರು ಒಂದು ಸಮಯ ಹೇಳಿ ಹೋದರು. ಆ ಸಮಯ ಮೀರಿತು, ಆಮೇಲೂ ಮೀರಿತು. ನಾನು ಲೆಕ್ಕ ಹಾಕಲಿಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ. ಅಣ್ಣ ತಮ್ಮ ಕಬ್ಬಿಣದ ಕುರ್ಚಿಗಳ ಮೇಲೆ ಮುಚ್ಚಿದ ಬಾಗಿಲನ್ನು ನೋಡುತ್ತ ಕುಳಿತಿದ್ದರು. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಎಲ್ಲ ಸರಿಹೋಯಿತು ಎಂದಾಗ ಇಬ್ಬರೂ ಎದ್ದು ನಿಂತರು. ಯಾಕೆ ಎದ್ದೆವು ಎಂದು ತಿಳಿಯದೆ ಮತ್ತೆ ಕುಳಿತರು.

ಎರಡು ದಿನದ ಮೇಲೆ ಅತ್ತೆಗೆ ಪೂರ್ತಿ ಎಚ್ಚರ ಬಂದಾಗ ನಮ್ಮನ್ನು ಒಳಗೆ ಬಿಟ್ಟರು. ಮಾತಾಡಿಸಿ ದಣಿಸಬಾರದು ಎಂದು ನರ್ಸ್ ಎಚ್ಚರಿಸಿದ್ದಳು. ತಮ್ಮಂದಿರಿಬ್ಬರೂ ಮಂಚದ ಪಕ್ಕ ಹೆಗಲಿಗೆ ಹೆಗಲು ಹಚ್ಚಿ, ಕೈ ಕಟ್ಟಿ, ಉಸಿರೂ ಜೋರಾಗಿ ಬಿಡದೆ ನಿಂತರು. ಅತ್ತೆ ಮೆಲ್ಲಗೆ ಕಣ್ಣು ತೆರೆದಳು. ಅವರನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ನಿಧಾನವಾಗಿ ಗಾಬರಿ ತುಂಬಿತು.

"ಲೇ ಶರಣ್ಯಾ, ವಿರುಪ್ಯಾ" ಎಂದಳು ಕ್ಷೀಣವಾಗಿ, "ಇಬ್ರೂ ಕೂಡಿ ನಿಂತೀರಿ, ಜಗಳ ಮಾಡಾಕತ್ತಿಲ್ಲ. ನಾ ಸತ್ತೀನೇನು?"

"ಏ ಬಿಡ್ತು ಅನ್ನಕ್ಕಾ" ಎಂದು ಮಾವ ಕೂಗಿದರು.

"ಹಂಗ್ ಚೀರಬ್ಯಾಡಣ್ಣಾ, ಆಕೀಗಿ ತ್ರಾಸಾಗ್ತದ!" ಎಂದು ಸಣ್ಣ ಮಾವ ಅದಕ್ಕಿಂತ ಜೋರಾಗಿ ಕೂಗಿದರು.

"ನನಗ ಹೇಳಾಕ ಬರ್ತೀಯೇನೋ ನೀ?"

ಅತ್ತೆ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ನರ್ಸ್ ಓಡಿ ಬಂದು ಮೂವರನ್ನೂ ಹೊರಗೆ ಹಾಕಿದಳು.